ಕಾಕ್ಲಿಯರ್ ಇಂಪ್ಲಾಂಟ್ ಪಡೆದ ಎಳೆಯ ಮಕ್ಕಳಲ್ಲಿ ಮಾತಿನ ಧ್ವನಿಗಳ ಬೆಳವಣಿಗೆ

ಹುಟ್ಟಿನಿಂದಲೇ ತೀವ್ರ ಕಿವುಡಿರುವ ಮಗುವಿನ ಒಳಗಿವಿಯಲ್ಲಿ ಶಸ್ತ್ರಚಿಕಿತ್ಸೆಯ ಮೂಲಕ ಕೂರಿಸಿ, ಶ್ರವಣ ನರಕ್ಕೆ ನೇರವಾಗಿ ವಿದ್ಯುತ್ ಸ್ಪಂದನ ಮುಟ್ಟಿಸುವ ಸಾಧನವೇ ಕಾಕ್ಲಿಯರ್ ಇಂಪ್ಲಾಂಟ್. ಅದು ಬಂದ ಮೇಲೆ ಮಗು ಧ್ವನಿಗಳನ್ನು ಯಾವ ಕ್ರಮದಲ್ಲಿ ಕೇಳಲು ಕಲಿಯುತ್ತದೆ, ಯಾವುವನ್ನು ಬೇಗ ನುಡಿಯುತ್ತದೆ, ಯಾವುವು ತಡವಾಗುತ್ತವೆ ಎಂಬುದು ಈ ಲೇಖನದ ವಿಷಯ. ಉದಾಹರಣೆಗಳನ್ನು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಆಡುಮಾತಿನಿಂದ ತೆಗೆದುಕೊಳ್ಳಲಾಗಿದೆ. ಅದಕ್ಕೆ ಕಾರಣವಿದೆ: ಮಗು ಕಲಿಯುವುದು ತನ್ನ ಮನೆಯ ಕನ್ನಡವನ್ನು. ಅದರ ಉಚ್ಚಾರವನ್ನು ಅಳೆಯಬೇಕಾದದ್ದೂ ಆ ಕನ್ನಡದ ಮೇಲೆಯೇ.

ಸಾಧನ ಮತ್ತು ಅದರ ಮಿತಿ

ಆರೋಗ್ಯವಂತ ಒಳಗಿವಿಯ ಕಾಕ್ಲಿಯ ಸುಮಾರು 35 ಮಿ.ಮೀ. ಉದ್ದದ, ಎರಡೂವರೆ ಸುತ್ತಿನ ಸುರುಳಿ. ಅದರ ಬುಡದಲ್ಲಿ ತಾರಕ ಧ್ವನಿಗಳಿಗೆ, ತುದಿಯಲ್ಲಿ ಮಂದ್ರ ಧ್ವನಿಗಳಿಗೆ ಜಾಗ. ಧ್ವನಿಯನ್ನು ನರಕ್ಕೆ ದಾಟಿಸುವ ಒಳಸಾಲಿನ ಕೂದಲ ಕೋಶಗಳು ಸುಮಾರು 3,500. ಹುಟ್ಟು ಕಿವುಡಿನಲ್ಲಿ ಬಹಳ ಸಲ ಕೆಟ್ಟಿರುವುದು ಈ ಕೋಶಗಳೇ, ನರ ಚೆನ್ನಾಗಿಯೇ ಇರುತ್ತದೆ. ಇಂಪ್ಲಾಂಟ್ ಕೆಟ್ಟ ಕೋಶಗಳನ್ನು ದಾಟಿ ನರವನ್ನೇ ತಟ್ಟುತ್ತದೆ. ಕಿವಿಯ ಹಿಂದಿನ ಪ್ರೊಸೆಸರ್ ಮಾತನ್ನು ಹಿಡಿದು ಆವರ್ತನಗಳಾಗಿ ಬಿಡಿಸುತ್ತದೆ, ಆಯಸ್ಕಾಂತದಿಂದ ತಲೆಗೆ ಅಂಟಿಕೊಂಡ ಕಾಯಿಲ್ ಅದನ್ನು ಚರ್ಮದೊಳಕ್ಕೆ ಕಳಿಸುತ್ತದೆ, ಸುರುಳಿಯೊಳಗೆ ತೂರಿಸಿದ ಎಳೆಯ ಮೇಲಿನ 12ರಿಂದ 22 ಎಲೆಕ್ಟ್ರೋಡುಗಳು ಆಯಾ ಜಾಗದ ನರತಂತುಗಳನ್ನು ಪ್ರಚೋದಿಸುತ್ತವೆ.

ಸಾವಿರಾರು ಕೋಶಗಳ ಕೆಲಸವನ್ನು ಇಪ್ಪತ್ತರಷ್ಟು ಎಲೆಕ್ಟ್ರೋಡುಗಳು ಮಾಡಬೇಕು. ಅವುಗಳ ವಿದ್ಯುತ್ತೂ ಅಕ್ಕಪಕ್ಕಕ್ಕೆ ಹರಡುತ್ತದೆ. ಹೀಗಾಗಿ ಧ್ವನಿಯ ಜೋರಿನ ಏರಿಳಿತ, ಅದು ಎಷ್ಟು ಹೊತ್ತು ನಿಂತಿತು, ಎಲ್ಲಿ ತಡೆಯಿತು ಎಂಬ ಕಾಲದ ಲೆಕ್ಕ ಮಗುವಿಗೆ ಚೆನ್ನಾಗಿ ತಲುಪುತ್ತದೆ. ಹತ್ತಿರ ಹತ್ತಿರದ ಆವರ್ತನಗಳ ಸೂಕ್ಷ್ಮ ವ್ಯತ್ಯಾಸ ಮಸುಕಾಗುತ್ತದೆ. ಇಂಪ್ಲಾಂಟ್ ಮಕ್ಕಳ ಉಚ್ಚಾರದ ಬಗ್ಗೆ ಮುಂದೆ ಹೇಳುವುದರಲ್ಲಿ ಬಹುಪಾಲು ಈ ಒಂದು ಸಂಗತಿಯಿಂದಲೇ ಹುಟ್ಟುತ್ತದೆ.

ಶ್ರವಣ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸುವ ಮೊದಮೊದಲ ಪ್ರಯತ್ನಗಳಲ್ಲಿ ಒಂದು ಪ್ಯಾರಿಸ್ಸಿನಲ್ಲಿ 1957ರಲ್ಲಿ ಜುರ್ನೋ ಮತ್ತು ಎರಿಯೆಸ್ ಅವರಿಂದ ನಡೆಯಿತು. ಲಾಸ್ ಏಂಜಲೀಸಿನಲ್ಲಿ ವಿಲಿಯಂ ಹೌಸ್ 1961ರಲ್ಲಿ ಕೈಹಚ್ಚಿದರು. ವಿಯೆನ್ನಾದಲ್ಲಿ ಇಂಗೆಬೋರ್ಗ್ ಹೋಖ್‌ಮಾಯರ್ ದಂಪತಿಗಳೂ ಮೆಲ್ಬರ್ನಿನಲ್ಲಿ ಗ್ರೇಮ್ ಕ್ಲಾರ್ಕ್ ಅವರೂ 1977-78ರ ಹೊತ್ತಿಗೆ ಹಲವು ಎಲೆಕ್ಟ್ರೋಡುಗಳ ಸಾಧನವನ್ನು ಮನುಷ್ಯರಲ್ಲಿ ಅಳವಡಿಸಿದರು. ಅಮೆರಿಕದಲ್ಲಿ ಎರಡು ವರ್ಷ ದಾಟಿದ ಮಕ್ಕಳಿಗೆ 1990ರಲ್ಲಿ ಅನುಮತಿ ದೊರೆಯಿತು. 2000ದಲ್ಲಿ ಈ ಮಿತಿ 12 ತಿಂಗಳಿಗೆ, 2020ರಲ್ಲಿ 9 ತಿಂಗಳಿಗೆ ಇಳಿಯಿತು. ವಯಸ್ಸು ಹೀಗೆ ಇಳಿಯುತ್ತ ಬಂದದ್ದರ ಹಿಂದೆ ಮಿದುಳಿನ ಬಗೆಗಿನ ಒಂದು ಅರಿವಿದೆ.

ವಯಸ್ಸು ಮತ್ತು ಕೇಳುವ ವಯಸ್ಸು

ಗರ್ಭದ ಆರನೆಯ ತಿಂಗಳ ಹೊತ್ತಿಗೇ ಶಿಶುವಿನ ಕಿವಿ ಕೆಲಸ ಶುರುಮಾಡಿರುತ್ತದೆ. ಹುಟ್ಟುವಾಗ ಅದಕ್ಕೆ ಅವ್ವನ ದನಿ ಪರಿಚಿತ. ಕಿವುಡು ಮಗುವಿಗೆ ಈ ತಿಂಗಳುಗಳೂ ಆಮೇಲಿನವೂ ನಿಶ್ಶಬ್ದ. ಮಿದುಳಿನ ಶ್ರವಣ ಭಾಗ ಧ್ವನಿಯಿಲ್ಲದೆ ಹೆಚ್ಚು ದಿನ ಕಾಯುವುದಿಲ್ಲ. ಅನು ಶರ್ಮಾ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮೂರೂವರೆ ವರ್ಷದೊಳಗೆ ಇಂಪ್ಲಾಂಟ್ ಪಡೆದ ಬಹುತೇಕ ಮಕ್ಕಳ ಮಿದುಳಿನ ಪ್ರತಿಕ್ರಿಯೆ ಕೆಲವೇ ತಿಂಗಳಲ್ಲಿ ಕೇಳುವ ಮಕ್ಕಳ ಮಟ್ಟಕ್ಕೆ ಬಂದಿತು. ಏಳು ವರ್ಷ ದಾಟಿ ಪಡೆದವರಲ್ಲಿ ಹಾಗೆ ಆಗಲಿಲ್ಲ. ಚಿಕಿತ್ಸಕರು ಅವಸರ ಮಾಡುವುದು ಇದಕ್ಕಾಗಿ.

ಇಂಪ್ಲಾಂಟ್ ಮಗುವಿಗೆ ಎರಡು ಬಗೆಯ ವಯಸ್ಸು. ಎರಡು ವರ್ಷ ತುಂಬಿದಾಗ ಸಾಧನ ಪಡೆದ ಮಗು ನಾಲ್ಕು ವರ್ಷದ್ದಾದಾಗ ಅದರ ‘ಕೇಳುವ ವಯಸ್ಸು’ ಎರಡು. ಅದರ ಉಚ್ಚಾರವನ್ನು ಹೋಲಿಸಬೇಕಾದದ್ದು ಎರಡು ವರ್ಷದ ಮಗುವಿನ ಜೊತೆಗೆ. ಓಣಿಯ ಓರಗೆಯ ಮಕ್ಕಳೊಡನೆ ಹೋಲಿಸಿ, ಆಪರೇಶನ್ ಮಾಡಿಸಿದರೂ ಮಾತು ಬರಲಿಲ್ಲವೆಂದು ವರ್ಷದೊಳಗೇ ಕೈಬಿಡುವ ಮನೆಗಳಿವೆ. ಈ ಲೆಕ್ಕವನ್ನು ಆಪರೇಶನ್ನಿಗೆ ಮೊದಲೇ ಅವ್ವ-ಅಪ್ಪನಿಗೆ ತಿಳಿಸಿ ಹೇಳಬೇಕು.

ಮೊದಲ ತಿಂಗಳುಗಳು

ಶಸ್ತ್ರಚಿಕಿತ್ಸೆಯಾದ ಮೂರು ನಾಲ್ಕು ವಾರಗಳ ಮೇಲೆ ಸಾಧನವನ್ನು ಚಾಲೂ ಮಾಡುತ್ತಾರೆ. ಆ ದಿನ ಮಗು ಬೆಚ್ಚಬಹುದು, ಅಳಬಹುದು, ಏನೂ ಮಾಡದೆಯೂ ಇರಬಹುದು. ಆಮೇಲೆ ಪ್ರತಿ ಎಲೆಕ್ಟ್ರೋಡಿಗೆ ಎಷ್ಟು ವಿದ್ಯುತ್ ಕೊಡಬೇಕೆಂದು ನಿಗದಿಪಡಿಸುವ ಮ್ಯಾಪಿಂಗ್ ಮತ್ತೆ ಮತ್ತೆ ನಡೆಯುತ್ತದೆ.

ಕೇಳುವ ಶಿಶುಗಳು ಹತ್ತು ತಿಂಗಳೊಳಗೆ ‘ಬಬಬ’, ‘ದದದ’ ಎಂದು ವ್ಯಂಜನ-ಸ್ವರ ಜೋಡಿಸಿ ತೊದಲುತ್ತವೆ. ಕಿವುಡು ಶಿಶುಗಳೂ ಗಂಟಲ ದನಿ ಹೊರಡಿಸುತ್ತವೆ, ಕೂಗುತ್ತವೆ, ನಗುತ್ತವೆ. ಆದರೆ ಈ ಲಯಬದ್ಧ ತೊದಲು ತಡವಾಗುತ್ತದೆ ಎಂಬುದನ್ನು ಆಲರ್ ಮತ್ತು ಐಲರ್ಸ್ 1988ರಲ್ಲಿ ತೋರಿಸಿದರು. ಗೊಂದಲ ಶುರುವಾಗುವುದು ಇಲ್ಲಿಯೇ. ಮಗು ದನಿ ಮಾಡುತ್ತಿದೆಯಲ್ಲ, ಕಿವಿ ಕೇಳಿಸುತ್ತಿರಬೇಕು ಎಂದು ಮನೆಯವರು ಅಂದುಕೊಳ್ಳುತ್ತಾರೆ. ‘ಅವರಪ್ಪಗೂ ಮಾತ ತಡಾನ ಬಂದಿತ್ತು’ ಎಂಬ ಹಿರಿಯರ ಸಮಾಧಾನದ ಮಾತೂ ಸೇರಿ ಒಂದೆರಡು ವರ್ಷ ಕೈಜಾರುತ್ತದೆ. ಇಂಪ್ಲಾಂಟ್ ಚಾಲೂ ಆದ ಕೆಲವೇ ತಿಂಗಳಲ್ಲಿ ಈ ತೊದಲು ಮೊದಲಾಗುವುದನ್ನು ಬೆಲ್ಜಿಯಂ ಮತ್ತು ಅಮೆರಿಕದ ಸಂಶೋಧಕರು ದಾಖಲಿಸಿದ್ದಾರೆ. ತೊದಲು ಬಂದರೆ ಕಿವಿ ಮತ್ತು ಬಾಯಿ ಒಂದಕ್ಕೊಂದು ಕೂಡಿಕೊಂಡವು ಎಂದು ಅರ್ಥ. ಮೊದಲ ಪದ ಬರುವವರೆಗೆ ಕಾಯದೆ ಇದನ್ನೇ ಗೆಲುವೆಂದು ಎಣಿಸಬೇಕು.

ಮಗುವಿಗೆ ದಿನವೂ ಕೇಳಿಸುತ್ತಿದೆಯೇ ಎಂದು ನೋಡಲು ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಡೇನಿಯಲ್ ಲಿಂಗ್ ಹೆಸರಿನದು: ಆ, ಈ, ಊ, ಮ್, ಶ್, ಸ್ ಎಂಬ ಆರು ದನಿಗಳು. ಮ್ ಮಂದ್ರದ ಕಡೆಯದು. ಸ್ ನಾಲ್ಕು ಸಾವಿರ ಹರ್ಟ್ಜ್‌ಗೂ ಮೇಲಿನದು. ಬಾಯಿ ಮಗುವಿಗೆ ಕಾಣದಂತೆ ಒಂದೊಂದನ್ನೇ ನುಡಿಯಬೇಕು. ಕೇಳಿದ ಕೂಡಲೆ ಮಗು ಬುಟ್ಟಿಗೆ ಒಂದು ಶೇಂಗಾ ಹಾಕುತ್ತದೆ. ನಿನ್ನೆ ಸ್ ಕೇಳಿದ ಮಗು ಇಂದು ಕೇಳದಿದ್ದರೆ ಸಾಧನದಲ್ಲೋ ಬ್ಯಾಟರಿಯಲ್ಲೋ ಕಾಯಿಲ್ ವೈರಿನಲ್ಲೋ ದೋಷವಿದೆ ಎಂದು ತಿಳಿಯಬಹುದು. ಕಾಸು ಬೇಡದ, ಐದು ನಿಮಿಷ ಹಿಡಿಯದ ಈ ಪರೀಕ್ಷೆ ಅನೇಕ ವಾರಗಳ ನಷ್ಟವನ್ನು ತಪ್ಪಿಸುತ್ತದೆ.

ಕನ್ನಡದ ಧ್ವನಿಗಳು: ಬೇಗ ಬರುವವು, ತಡವಾಗುವವು

ಕೇಳುವ ಕನ್ನಡ ಮಕ್ಕಳ ಉಚ್ಚಾರ ಅಳೆಯುವ ಕೆಲಸ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮೊದಲಾಯಿತು. ಬಾಬು, ರತ್ನ ಮತ್ತು ಬೆಟಗೇರಿ ಅವರು 1972ರಲ್ಲಿ ಕನ್ನಡ ಉಚ್ಚಾರ ಪರೀಕ್ಷೆಯನ್ನು ರೂಪಿಸಿದರು. ತಸ್ನೀಮ್ ಬಾನು 1977ರಲ್ಲಿ ಮೂರರಿಂದ ಆರೂವರೆ ವರ್ಷದ ಮಕ್ಕಳನ್ನು ಪರೀಕ್ಷಿಸಿದರು. ದೀಪಾ ಮತ್ತು ಸಾವಿತ್ರಿ ಅವರು 2010ರಲ್ಲಿ ಪರೀಕ್ಷೆಯನ್ನು ಮರುಪ್ರಮಾಣೀಕರಿಸಿದರು. ಸ್ಥೂಲವಾಗಿ ಹೇಳುವುದಾದರೆ ಸ್ವರಗಳು ಮೂರು ವರ್ಷದೊಳಗೆ ನೆಲೆಗೊಳ್ಳುತ್ತವೆ, ಪ, ಬ, ಮ, ತ, ನ, ಕ ಬೇಗ ಬರುತ್ತವೆ. ರ, ಶ ಮತ್ತು ಬೇರೆ ಬೇರೆ ವ್ಯಂಜನ ಕೂಡಿದ ಒತ್ತಕ್ಷರಗಳು ಕೊನೆಗೆ.

ಇಂಪ್ಲಾಂಟ್ ಮಕ್ಕಳೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ, ಆದರೆ ನಿಧಾನವಾಗಿ ನಡೆಯುತ್ತಾರೆ. ಆಸ್ಟ್ರೇಲಿಯದ ಸೆರ್ರಿ ಮತ್ತು ಬ್ಲಾಮಿ ಅವರು ಒಂಬತ್ತು ಮಕ್ಕಳನ್ನು ನಾಲ್ಕು ವರ್ಷ ಹಿಂಬಾಲಿಸಿ 1999ರಲ್ಲಿ ಹೇಳಿದ್ದು ಇದನ್ನೇ. ಅದು ಇಂಗ್ಲಿಷಿನ ಮಾತು. ಕನ್ನಡದ ಧ್ವನಿ ವ್ಯವಸ್ಥೆ ಬೇರೆ, ಹಾಗಾಗಿ ಇಂಪ್ಲಾಂಟ್ ಏನನ್ನು ಚೆನ್ನಾಗಿ ದಾಟಿಸುತ್ತದೆ, ಏನನ್ನು ಮಸುಕಾಗಿಸುತ್ತದೆ ಎಂಬುದನ್ನು ಕನ್ನಡದ ಮೇಲಿಟ್ಟು ಬೇರೆಯಾಗಿಯೇ ನೋಡಬೇಕು.

ಮೊದಲು ಕನ್ನಡದ ಅನುಕೂಲಗಳು. ನಮ್ಮ ಭಾಷೆಯಲ್ಲಿ ಅರ್ಥ ಬದಲಿಸುವ ಎರಡು ದೊಡ್ಡ ಸಾಧನಗಳು ಕಾಲಕ್ಕೆ ಸಂಬಂಧಿಸಿದವು: ಹ್ರಸ್ವ-ದೀರ್ಘ ಮತ್ತು ದ್ವಿತ್ವ. ಗೋಕಾಕ ಸೀಮೆಯ ಮಾತಿನಲ್ಲಿ ಕೈಗೆ ತೊಡುವುದು ಬಳಿ, ಗಿಡಕ್ಕೆ ಹಬ್ಬುವುದು ಬಳ್ಳಿ, ತಿನ್ನುವ ಹಣ್ಣು ಬಾಳಿ. ‘ಅಕಿ’ ಎಂದರೆ ಆಕೆ, ‘ಅಕ್ಕಿ’ ಎಂದರೆ ಅನ್ನಕ್ಕೆ ಹಾಕುವುದು. ಇವುಗಳ ನಡುವೆ ಬದಲಾಗುವುದು ನಾಲಗೆಯ ಜಾಗವಲ್ಲ, ದನಿ ನಿಲ್ಲುವ ಇಲ್ಲವೇ ಎಳೆಯುವ ಹೊತ್ತು. ಇಂಪ್ಲಾಂಟ್ ಚೆನ್ನಾಗಿ ದಾಟಿಸುವುದೂ ಅದನ್ನೇ. ಆದ್ದರಿಂದ ತರಬೇತಿಯನ್ನು ಇಂಥ ಜೋಡಿಗಳಿಂದ ಆರಂಭಿಸುವುದು ಜಾಣತನ.

ನಮ್ಮ ಸಂಬಂಧಸೂಚಕ ಪದಗಳನ್ನೇ ನೋಡಿ: ಅಪ್ಪ, ಅವ್ವ, ಅಕ್ಕ, ಅಣ್ಣ, ಅಜ್ಜ, ತಮ್ಮ. ಎಲ್ಲವೂ ಎರಡಕ್ಷರದವು, ಎಲ್ಲದರ ನಡುವೆಯೂ ಒತ್ತು. ತುಟಿಯಿಂದ ಗಂಟಲ ಹತ್ತಿರದವರೆಗಿನ ವ್ಯಂಜನಗಳು ಈ ಆರೇ ಪದಗಳಲ್ಲಿ ಹರಡಿವೆ. ಒತ್ತಿನಿಂದಾಗಿ ವ್ಯಂಜನ ಹೆಚ್ಚು ಹೊತ್ತು ನಿಲ್ಲುತ್ತದೆ, ಮಗುವಿಗೆ ಗುರುತಿಸಲು ಸಮಯ ಸಿಗುತ್ತದೆ. ಪದದ ಎದುರಿಗೆ ಆ ಮನುಷ್ಯನೇ ನಿಂತಿರುತ್ತಾನೆ, ಚಿತ್ರಪಟ ಬೇಕಿಲ್ಲ. ಕೂಡುಕುಟುಂಬದಲ್ಲಿ ಬೆಳೆಯುವ ಮಗುವಿಗೆ ಇಂಥ ಪದಗಳು ದಿನಕ್ಕೆ ನೂರು ಸಲ ಕಿವಿಗೆ ಬೀಳುತ್ತವೆ. ರೊಟ್ಟಿ, ಬೆಲ್ಲ, ಕಬ್ಬು, ಎಮ್ಮಿ, ಹತ್ತಿ ಎಂಬ ಈ ಸೀಮೆಯ ದಿನಬಳಕೆಯ ಪದಗಳೂ ಇದೇ ಅಚ್ಚಿನವು.

ಮತ್ತೊಂದು ಅನುಕೂಲ ಪದಾಂತ್ಯದ್ದು. ಇಂಗ್ಲಿಷ್ ಮಾತಾಡುವ ಕಿವುಡು ಮಕ್ಕಳಲ್ಲಿ ಪದದ ಕೊನೆಯ ವ್ಯಂಜನ ಬಿಟ್ಟುಹೋಗುವುದು ದೊಡ್ಡ ತೊಂದರೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲಿ ಮುಗಿಯುವುದರಿಂದ ಆ ತೊಂದರೆ ಇಲ್ಲಿ ಅಷ್ಟಿಲ್ಲ. ಪ್ರಶ್ನೆಯೂ ಹಾಗೆಯೇ. ಇಂಪ್ಲಾಂಟಿನಲ್ಲಿ ದನಿಯ ಸ್ಥಾಯಿ ಸರಿಯಾಗಿ ಕೇಳದು, ರಾಗದಿಂದಷ್ಟೇ ಪ್ರಶ್ನೆಯನ್ನು ಗುರುತಿಸುವುದು ಕಷ್ಟ. ಕನ್ನಡದಲ್ಲಿ ‘ಉಂಡ್ಯಾ?’, ‘ಬಂದ್ಲಾ?’ ಎಂದು ಪ್ರಶ್ನೆಯ ಗುರುತೇ ಪದದ ಕೊನೆಗೆ ದೀರ್ಘವಾಗಿ ನಿಂತಿರುತ್ತದೆ.

ಇನ್ನು ಕಷ್ಟದ ಭಾಗ. ಕನ್ನಡ ತ-ಟ, ದ-ಡ, ನ-ಣ, ಲ-ಳ ಎಂದು ಹಲ್ಲಿನ ಮತ್ತು ಮೂರ್ಧನ್ಯ ಧ್ವನಿಗಳನ್ನು ಬೇರೆ ಮಾಡುತ್ತದೆ. ನಾಲಗೆಯ ತುದಿ ಮೇಲಕ್ಕೆ, ಹಿಂದಕ್ಕೆ ಸುರುಳುವಾಗ ಧ್ವನಿಯ ಮೂರನೆಯ ಅನುರಣನ ಕೆಳಗಿಳಿದು ಎರಡನೆಯದರ ಹತ್ತಿರ ಬರುತ್ತದೆ. ಕಿವಿ ಟ, ಣ, ಳಗಳನ್ನು ಗುರುತಿಸುವುದು ಮುಖ್ಯವಾಗಿ ಇದರಿಂದ. ಎಲೆಕ್ಟ್ರೋಡುಗಳ ವಿದ್ಯುತ್ ಹರಡುವುದರಿಂದ ಮಸುಕಾಗುವುದೂ ಇಂಥ ಸೂಕ್ಷ್ಮವೇ. ನಾಲಗೆಯ ಚಲನೆ ಬಾಯೊಳಗಿನದು, ತುಟಿ ನೋಡಿ ಕಲಿಯಲೂ ಆಗದು. ಹೀಗಾಗಿ ಕಾಳು ಕಾಲಾಗುತ್ತದೆ, ಹುಳಿ ಹುಲಿಯಾಗುತ್ತದೆ, ಮಣಿ ಮನಿಯಾಗುತ್ತದೆ, ಕಟ್ಟಿ ಕತ್ತಿಯಾಗುತ್ತದೆ. ಕೇಳುವ ಸಣ್ಣ ಮಕ್ಕಳೂ ಹೀಗೆ ನುಡಿಯುತ್ತವೆ. ಆದರೆ ಇಂಪ್ಲಾಂಟ್ ಮಗುವಿನಲ್ಲಿ ಇದು ತಾನಾಗಿ ಹೋಗುವವರೆಗೆ ಕಾಯುವುದು ಸರಿಯಲ್ಲ. ಮೊದಲು ಲ ಮತ್ತು ಳ ಬೇರೆ ಎಂದು ಕಿವಿಗೆ ಗೊತ್ತಾಗಬೇಕು, ಆಮೇಲೆ ನಾಲಗೆಗೆ. ಕೇಳಿಸದ ಭೇದವನ್ನು ಕನ್ನಡಿಯ ಮುಂದೆ ಕೂರಿಸಿ ನಾಲಗೆ ತಿರುಗಿಸಿ ಕಲಿಸಿದರೆ ಆ ಪದದಲ್ಲಿ ಬರುತ್ತದೆ, ಮುಂದಿನ ಪದದಲ್ಲಿ ತಪ್ಪುತ್ತದೆ.

ಸಕಾರದ ಕಥೆ ಬೇರೆ. ಸಾಮಾನ್ಯ ಕಿವಿ ಮಶೀನು ತೀವ್ರ ಕಿವುಡಿನಲ್ಲಿ ಇಷ್ಟು ತಾರಕದ ಧ್ವನಿಯನ್ನು ಮುಟ್ಟಿಸಲಾರದು, ಇಂಪ್ಲಾಂಟ್ ಮುಟ್ಟಿಸುತ್ತದೆ. ಹಾಗಿದ್ದರೂ ನುಡಿಯುವಾಗ ಸ ಮತ್ತು ಶ ನಡುವಿನ ಅಂತರ ಕೇಳುವ ಮಕ್ಕಳಲ್ಲಿರುವಷ್ಟು ಸ್ಪಷ್ಟವಿರುವುದಿಲ್ಲ ಎಂದು ಅಮೆರಿಕದ ಅಧ್ಯಯನಗಳು ತೋರಿಸಿವೆ. ಕ, ಗ ವಿಷಯದಲ್ಲೂ ಇಂಪ್ಲಾಂಟಿನ ಉಪಕಾರ ದೊಡ್ಡದು. ಕಿವಿ ಮಶೀನನ್ನಷ್ಟೇ ನೆಚ್ಚಿದ ಮಕ್ಕಳು ಕಣ್ಣಿಗೆ ಕಾಣುವ ಪ, ಬ, ಮಗಳಿಗೇ ಅಂಟಿಕೊಳ್ಳುತ್ತಿದ್ದರು. ಬಾಯಿಯ ಹಿಂಭಾಗದ ಧ್ವನಿಗಳು ಕಷ್ಟದಿಂದ ಬರುತ್ತಿದ್ದವು. ಘೋಷ-ಅಘೋಷಗಳ ಬದಲಾವಣೆ, ಮೂಗಿನ ದನಿ ಬೆರೆಯುವುದು, ಸ್ವರಗಳೆಲ್ಲ ಒಂದೇ ಅನಿಸುವುದು ಹಳೆಯ ತಲೆಮಾರಿನ ಕಿವುಡು ಮಕ್ಕಳ ಮಾತಿನ ಗುರುತುಗಳಾಗಿದ್ದವು. ಬೇಗ ಇಂಪ್ಲಾಂಟ್ ಪಡೆದವರಲ್ಲಿ ಇವು ಬಹಳ ತಗ್ಗಿವೆ.

ಯಾವುದು ತಪ್ಪು, ಯಾವುದು ಊರ ಮಾತು

ಉಚ್ಚಾರ ಪರೀಕ್ಷೆಯ ಚಿತ್ರ ತೋರಿಸಿದಾಗ ಹುಕ್ಕೇರಿಯ ಮಗು ‘ಮನಿ’, ‘ಎಲಿ’, ‘ತಲಿ’ ಎನ್ನುತ್ತದೆ. ಪುಸ್ತಕದ ಕನ್ನಡದ ಪ್ರಕಾರ ಕೊನೆಯ ಸ್ವರ ಬದಲಾಗಿದೆ. ಆದರೆ ಅದರ ಅವ್ವ, ಅಜ್ಜ, ಓಣಿಯ ಮಂದಿ ಎಲ್ಲರೂ ಅನ್ನುವುದು ಹಾಗೆಯೇ. ಮಗು ಸರಿಯಾಗಿ ಕೇಳಿದೆ, ಸರಿಯಾಗಿ ಕಲಿತಿದೆ. ‘ಶಾಲೆ’ಗೆ ‘ಸಾಲಿ’ ಎಂದರೂ ಹಾಗೆಯೇ. ಹಳ್ಳಿಗಾಡಿನ ಮಾತಿನಲ್ಲಿ ಶಕಾರ ಸಕಾರವೇ ಆಗಿದೆ. ಮಹಾಪ್ರಾಣ ಬಿಟ್ಟರೂ ತಪ್ಪಲ್ಲ. ‘ಪುಸ್ತಕ’ವನ್ನು ‘ಪುತ್ತಕ’ ಎಂದರೆ ಬೇರೆ ಬೇರೆ ವ್ಯಂಜನ ಕೂಡಿದ ಒತ್ತಕ್ಷರವನ್ನು ದ್ವಿತ್ವ ಮಾಡಿದೆ. ಅದು ಎಳೆಯ ಮಕ್ಕಳ ಸಹಜ ದಾರಿ, ಕೇಳುವ ವಯಸ್ಸು ನೋಡಿ ತೀರ್ಮಾನಿಸಬೇಕು. ಆದರೆ ‘ಸಾಲಿ’ಯನ್ನು ‘ತಾಲಿ’ ಎಂದರೆ, ‘ಬಾಳಿ’ಯನ್ನು ‘ಬಾಲಿ’ ಎಂದರೆ ಅದು ಈ ಸೀಮೆಯಲ್ಲೂ ತಪ್ಪೇ. ಪರೀಕ್ಷಿಸುವವರು ಮೊದಲು ಅವ್ವನಿಂದ ಅದೇ ಚಿತ್ರಗಳ ಹೆಸರು ಹೇಳಿಸಿಕೊಂಡು, ಆಮೇಲೆ ಮಗುವಿನದನ್ನು ಬರೆದುಕೊಂಡರೆ ಈ ಗೋಜಲು ಬಗೆಹರಿಯುತ್ತದೆ. ಸರಿಯಾಗಿರುವ ಧ್ವನಿಯನ್ನು ತಿದ್ದುತ್ತ ಕೂತು, ನಿಜವಾದ ತೊಂದರೆಯನ್ನು ಬಿಡುವುದು ಮಗುವಿಗೆ ಮಾಡುವ ಅನ್ಯಾಯ.

ಈ ಮೂರು ತಾಲೂಕುಗಳಲ್ಲಿ ಅನೇಕ ಮನೆಗಳು ಎರಡು ಭಾಷೆಯವು. ಮನೆಯಲ್ಲಿ ಮರಾಠಿಯೋ ಉರ್ದುವೋ ಇದ್ದು, ಓಣಿಯಲ್ಲಿ ಕನ್ನಡ. ಕಿವುಡು ಮಗುವಿಗೆ ಒಂದೇ ಭಾಷೆ ಸಾಕು, ಇನ್ನೊಂದನ್ನು ಬಿಡಿ ಎಂಬ ಸಲಹೆ ಹಿಂದೆ ಸಾಮಾನ್ಯವಾಗಿತ್ತು. ಎರಡು ಭಾಷೆಯ ಮನೆಗಳಲ್ಲಿ ಬೆಳೆದ ಇಂಪ್ಲಾಂಟ್ ಮಕ್ಕಳ ಅಧ್ಯಯನಗಳು ಅದನ್ನು ಸಮರ್ಥಿಸುವುದಿಲ್ಲ. ಅವ್ವನಿಗೆ ಸಲೀಸಾಗಿ ಬರುವ ಭಾಷೆಯೇ ಮಗುವಿಗೆ ಹೆಚ್ಚು ಮಾತು ಕೇಳಿಸುವ ಭಾಷೆ. ಮರಾಠಿಯಲ್ಲೂ ಳ, ಣ ಇವೆ. ಅಲ್ಲಿ ಪಳಗಿದ್ದು ಕನ್ನಡಕ್ಕೂ ಬರುತ್ತದೆ. ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘ ಭೇದ ಮಾತ್ರ ಮರಾಠಿಯಲ್ಲಿಲ್ಲ, ಅದನ್ನು ಕನ್ನಡದಲ್ಲೇ ಕಲಿಯಬೇಕು.

ಗದ್ದಲ, ದೂರ, ಖರ್ಚು

ಗೋಕಾಕ ಫಾಲ್ಸ್ ಎಂಬ ಊರು ಬೆಳೆದದ್ದೇ ಘಟಪ್ರಭಾ ನದಿ 52 ಮೀಟರ್ ಎತ್ತರದಿಂದ ಧುಮುಕುವ ಜಲಪಾತದ ಪಕ್ಕದಲ್ಲಿ, 19ನೆಯ ಶತಮಾನದ ಕೊನೆಯಲ್ಲಿ ಆ ನೀರಿನ ಬಲದಿಂದ ಶುರುವಾದ ನೂಲಿನ ಗಿರಣಿಯ ಸುತ್ತ. ಗಿರಣಿಯ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರಿಗೆ ಕಿವಿ ಮಂದವಾಗುವುದು ಎಲ್ಲೆಡೆ ಗೊತ್ತಿರುವ ಸಂಗತಿ. ಆದರೆ ಹಾಗೆ ಬಂದ ಕಿವುಡು ಮಕ್ಕಳಿಗೆ ಇಳಿಯುವುದಿಲ್ಲ. ಮಕ್ಕಳ ಹುಟ್ಟು ಕಿವುಡಿಗೆ ಕಾರಣಗಳೇ ಬೇರೆ: ವಂಶವಾಹಿಯ ದೋಷ, ಗರ್ಭಿಣಿಗೆ ತಗಲಿದ ರುಬೆಲ್ಲಾದಂಥ ಸೋಂಕು, ದಿನ ತುಂಬದ ಹೆರಿಗೆ, ವಿಪರೀತ ಕಾಮಾಲೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ಇರುವಲ್ಲಿ, ತಂದೆ-ತಾಯಿ ಇಬ್ಬರಲ್ಲೂ ಅಡಗಿದ್ದ ಒಂದೇ ದೋಷ ಮಗುವಿನಲ್ಲಿ ಕೂಡುವ ಸಂಭವ ಹೆಚ್ಚು. ಭಾರತದಲ್ಲಿ ಜಿಜೆಬಿ2 ಎಂಬ ವಂಶವಾಹಿಯ ಬದಲಾವಣೆಗಳು ಇಂಥ ಕಿವುಡಿಗೆ ಮುಖ್ಯ ಕಾರಣಗಳಲ್ಲಿ ಒಂದು. ಕೋಶಗಳಷ್ಟೇ ಕೆಟ್ಟು ನರ ಉಳಿಯುವುದರಿಂದ ಈ ಮಕ್ಕಳಲ್ಲಿ ಇಂಪ್ಲಾಂಟಿನ ಫಲ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಮಿದುಳುಪೊರೆಯ ಸೋಂಕಿನಿಂದ (ಮೆನಿಂಜೈಟಿಸ್) ಕಿವುಡಾದ ಮಗುವಿನಲ್ಲಿ ಮಾತ್ರ ಕಾಕ್ಲಿಯ ಎಲುಬುಗಟ್ಟುವ ಅಪಾಯವಿದೆ; ಅಲ್ಲಿ ವಾರಗಳೂ ಲೆಕ್ಕಕ್ಕೆ ಬರುತ್ತವೆ. ಶ್ರವಣ ನರವೇ ಇಲ್ಲದ ಮಗುವಿಗೆ ಇಂಪ್ಲಾಂಟ್ ನಡೆಯದು. ಅಂಥವರಿಗೆ ಭಾರತೀಯ ಸಂಜ್ಞಾ ಭಾಷೆಯನ್ನು ಮೊದಲಿನಿಂದಲೇ ಕೊಡಬೇಕು.

ಗದ್ದಲ ಇಂಪ್ಲಾಂಟಿನ ವೈರಿ. ಟಿ.ವಿ., ಫ್ಯಾನು, ಮಿಕ್ಸರ್ ಒಟ್ಟಿಗೆ ನಡೆಯುವ ಕೋಣೆಯಲ್ಲಿ ಸ, ತ, ಟ ಎಲ್ಲವೂ ಕಲಸಿಹೋಗುತ್ತವೆ. ಮಾತಾಡುವವರ ದೂರ ಎರಡರಷ್ಟಾದರೆ, ಬಯಲಿನಲ್ಲಿ, ದನಿ ಆರು ಡೆಸಿಬೆಲ್ ತಗ್ಗುತ್ತದೆ. ಮಗುವಿನ ಹತ್ತಿರ ಕೂತು, ಸುತ್ತಲಿನ ಸದ್ದು ಆರಿಸಿ, ಸಾಧಾರಣ ದನಿಯಲ್ಲಿ ಆಡುವ ಮಾತಿಗಿಂತ ಒಳ್ಳೆಯ ಪಾಠ ಇಲ್ಲ. ರೊಟ್ಟಿ ಬಡಿಯುವಾಗ, ಎಮ್ಮಿಗೆ ಮೇವು ಹಾಕುವಾಗ ನಡೆಯುವ ಮಾತುಕತೆಯೇ ತರಬೇತಿಯ ಬಹುಪಾಲು. ವಾರಕ್ಕೊಮ್ಮೆಯ ತಾಸು ಅವ್ವನಿಗೆ ದಾರಿ ತೋರಿಸಲು ಮಾತ್ರ. ಮೈಸೂರಿನ ಸಂಸ್ಥೆಯ ಪೂರ್ವಶಾಲೆಯಲ್ಲಿ ತಾಯಂದಿರೂ ಮಗುವಿನ ಜೊತೆ ಕೂತು ಕಲಿಯುವ ಪದ್ಧತಿ ಇರುವುದು ಇದೇ ಕಾರಣಕ್ಕೆ.

ಖರ್ಚಿನ ವಿಷಯಕ್ಕೆ ಬಂದರೆ, ಕೇಂದ್ರದ ಅಡಿಪ್ ಯೋಜನೆ 2014ರಲ್ಲಿ ಪರಿಷ್ಕೃತವಾದಾಗ ಒಂದು ಇಂಪ್ಲಾಂಟಿಗೆ 6 ಲಕ್ಷ ರೂಪಾಯಿವರೆಗೆ ನೆರವು ಸೇರಿತು. ಮುಂಬಯಿಯ ಅಲಿ ಯಾವರ್ ಜಂಗ್ ಸಂಸ್ಥೆ ಅದರ ಉಸ್ತುವಾರಿ ನೋಡುತ್ತದೆ. ಕರ್ನಾಟಕ ಸರಕಾರದ ಶ್ರವಣ ಸಂಜೀವಿನಿ ಯೋಜನೆಯೂ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿಗೆ ಬಂದಾಗ ಹುಟ್ಟು ಕಿವುಡನ್ನೂ ಗುರುತಿಸಬೇಕು. ಬೆಳಗಾವಿ ಗೋಕಾಕ ಫಾಲ್ಸ್‌ನಿಂದ ಸುಮಾರು 60 ಕಿ.ಮೀ.; ಅಲ್ಲಿನ ಕೆ.ಎಲ್.ಇ. ಆಸ್ಪತ್ರೆಯಲ್ಲಿ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಮೈಸೂರು ಐನೂರು ಕಿ.ಮೀ.ಗೂ ಆಚೆ. ಸಾಧನ ಉಚಿತವಾಗಿ ಸಿಕ್ಕರೂ ಮ್ಯಾಪಿಂಗಿಗೆ, ತರಬೇತಿಗೆ ಓಡಾಡುವ ಬಸ್ಸಿನ ಖರ್ಚು, ತಪ್ಪಿಹೋದ ಕೂಲಿ ಯಾವ ಯೋಜನೆಯಲ್ಲೂ ಪೂರ್ತಿ ಲೆಕ್ಕಕ್ಕೆ ಬರುವುದಿಲ್ಲ. ವಾರಂಟಿ ಮುಗಿದ ಮೇಲೆ ಕಾಯಿಲ್, ವೈರು, ಬ್ಯಾಟರಿಯ ವೆಚ್ಚ ಅನೇಕ ಸಲ ಮನೆಯ ಮೇಲೆಯೇ ಬೀಳುತ್ತದೆ. ವೈರು ಹೋದ ಎರಡು ತಿಂಗಳು ಮಗು ಮತ್ತೆ ಕಿವುಡೇ. ಕಲಿತ ಳಕಾರ ಆ ಎರಡು ತಿಂಗಳಲ್ಲಿ ಹಿಂದಕ್ಕೆ ಹೋಗುತ್ತದೆ. ಶಸ್ತ್ರಚಿಕಿತ್ಸೆಗೆ ಲಕ್ಷಗಟ್ಟಲೆ ಕೊಡುವ ಯೋಜನೆ ಬಿಡಿಭಾಗಕ್ಕೆ ಕೈ ಬಿಗಿಹಿಡಿದರೆ ಹಾಕಿದ ಹಣವೂ ನೀರುಪಾಲು.

ಶಾಲೆಗೆ ಬಂದ ಮೇಲೆ

ಧ್ವನಿಗಳ ಬೆಳವಣಿಗೆ ಒಂದನೆಯ ತರಗತಿಯ ಹೊತ್ತಿಗೆ ಮುಗಿದಿರುವುದಿಲ್ಲ. ಆಸ್ಟ್ರೇಲಿಯದ ಮಕ್ಕಳಲ್ಲಿ ಇಂಪ್ಲಾಂಟ್ ಆಗಿ ಆರು ವರ್ಷವಾದರೂ ಕೆಲವು ಧ್ವನಿಗಳು ಇನ್ನೂ ನೆಲೆಗೊಳ್ಳುತ್ತಿದ್ದವು ಎಂದು ಬ್ಲಾಮಿ ಮತ್ತು ಸಂಗಡಿಗರು 2001ರಲ್ಲಿ ಬರೆದಿದ್ದಾರೆ. ಈ ಹಂತದಲ್ಲಿ ಕನ್ನಡದ ಲಿಪಿ ಸಹಾಯಕ್ಕೆ ಬರುತ್ತದೆ. ಲ ಮತ್ತು ಳ, ನ ಮತ್ತು ಣ ಕಣ್ಣಿಗೆ ಬೇರೆ ಬೇರೆ ಆಕಾರಗಳು. ಒತ್ತು ಅಕ್ಷರದ ಕೆಳಗೆ ಕಾಣುತ್ತದೆ, ದೀರ್ಘಕ್ಕೂ ತನ್ನದೇ ಗುರುತು ಇದೆ. ಕಿವಿ ಖಚಿತವಾಗಿ ಹಿಡಿಯದ ಭೇದವನ್ನು ಬರಹ ನೆನಪಿಗೆ ತರುತ್ತದೆ. ‘ಕಾಲು’ ಎಂದು ನುಡಿದ ಮಗು ಪಾಟಿಯ ಮೇಲೆ ‘ಕಾಳು’ ಎಂದು ಓದಿ ನಿಲ್ಲುವುದುಂಟು. ಮುಂದಿನ ಬೆಂಚಿನಲ್ಲಿ, ಕಿಟಕಿಯ ಸದ್ದಿನಿಂದ ದೂರ, ಇಂಪ್ಲಾಂಟ್ ಇರುವ ಕಿವಿ ಶಿಕ್ಷಕರ ಕಡೆ ಬರುವಂತೆ ಆ ಮಗುವನ್ನು ಕೂರಿಸಬೇಕು. ಶಿಕ್ಷಕರು ಬೋರ್ಡಿನ ಕಡೆ ತಿರುಗಿ ಬರೆಯುತ್ತ ಮಾತಾಡದೆ, ಬರೆದು ಮುಗಿಸಿ ತರಗತಿಯತ್ತ ತಿರುಗಿದ ಮೇಲೆ ಹೇಳಬೇಕು. ಉಕ್ತಲೇಖನದಲ್ಲಿ ಅದೇ ಪದವನ್ನು ಎರಡನೆಯ ಸಲ ಹೇಳಿದರೆ ಮಗು ಬಹಳ ಸಲ ಸರಿಯಾಗಿಯೇ ಬರೆಯುತ್ತದೆ.